ರೂಮಿಗಿಂತ ಬುಕ್ಕಿಂಗೇ ಹೆಚ್ಚು: ಚಿತ್ರದುರ್ಗ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ನಾಯಕನಹಟ್ಟಿ ಜಾತ್ರೆ, ಮದುವೆ ಸೀಸನ್, ಸಾಲು ರಜೆ ಬಂತೆಂದರೆ ದುರ್ಗದ ಕೆಲವು ಲಾಡ್ಜ್‌ಗಳು ಇರುವ ರೂಮುಗಳಿಗಿಂತ ಹೆಚ್ಚು ಬುಕ್ಕಿಂಗ್ ತಗೊಳ್ಳುತ್ತವೆ. ಒಂದೇ ರೂಮು ಎರಡು ಆ್ಯಪ್‌ಗಳಲ್ಲಿ ಇರುತ್ತದೆ, ಫೋನಿನಲ್ಲೂ ಹೋಗುತ್ತದೆ. ಹೇಗೂ ಒಂದಿಬ್ಬರು ಬರುವುದಿಲ್ಲ ಎಂಬ ಲೆಕ್ಕಾಚಾರ. ಎಲ್ಲರೂ ಬಂದುಬಿಟ್ಟರೆ ಬೀದಿಪಾಲಾಗುವವರು ರಾತ್ರಿ ಕೊನೇ ಬಸ್ಸಿಗೆ ಇಳಿದವರು.

ನಮ್ಮ ಮನೆ ಮದುವೆಗೆ ಕಲಬುರಗಿ ಕಡೆಯಿಂದ ಬಂದ ಬೀಗರಿಗೆ ಆದದ್ದು ಇದೇ. ಪೂರ್ತಿ ಹಣ ಕಟ್ಟಿದ್ದರು. ಕೌಂಟರಿನ ಹುಡುಗ ಮೊಬೈಲಿನ ಮೆಸೇಜ್ ನೋಡಿದ, ಉದ್ದನೆಯ ರಿಜಿಸ್ಟರಿನ ಮೇಲೆ ಬೆರಳಾಡಿಸಿದ, "ಆ್ಯಪ್‌ನೋರ್ನ ಕೇಳ್ರಿ" ಅಂದ. ಆ್ಯಪ್‌ನವರು "ಲಾಡ್ಜಿನವರನ್ನೇ ಕೇಳಿ" ಅಂದರು. ಅಷ್ಟರಲ್ಲಿ ಹೆದ್ದಾರಿ ಕಡೆಯಿಂದ ಕಾರಿನಲ್ಲಿ ಬಂದವರೊಬ್ಬರು ನಗದು ಎಣಿಸಿಕೊಟ್ಟು ಕೀ ಇಸ್ಕೊಂಡು ಮೇಲೆ ಹೋದರು! ಬೀಗರ ಮುಂದೆ ಮಾನ ಹೋದದ್ದು ನಮ್ಮದು. (ಹುಡುಗನನ್ನು ಬೈದು ಪ್ರಯೋಜನವಿಲ್ಲ. ಮಾಲೀಕರು ಆ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ.)

ವಿಮಾನ ಕಂಪನಿಗಳೂ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುತ್ತವೆ. ಆದರೆ ಅಲ್ಲಿ ಡಿಜಿಸಿಎ (ನಾಗರಿಕ ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆ) ನಿಯಮವಿದೆ. ಮೊದಲು, ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಡುವವರು ಇದ್ದಾರಾ ಎಂದು ಕೇಳಬೇಕು. ಒಪ್ಪದವರನ್ನು ಬಿಟ್ಟುಹೋದರೆ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಹತ್ತಿಸಬೇಕು. ತಡವಾದರೆ 10,000 ರೂ.ವರೆಗೆ, 24 ಗಂಟೆ ಮೀರಿದರೆ 20,000 ರೂ.ವರೆಗೆ ಪರಿಹಾರ. ಲಾಡ್ಜಿಗೆ ಬಂದವರಿಗೆ ಇಂಥ ಆಸರೆ ಯಾವುದಿದೆ? ಗ್ರಾಹಕರ ಆಯೋಗವಿದೆ, ನಿಜ. 2019ರ ಕಾಯ್ದೆ ಪ್ರಕಾರ ತಮ್ಮೂರಿನಲ್ಲೇ ದೂರು ಕೊಡಬಹುದು, 5 ಲಕ್ಷ ರೂ.ವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಒಂದು ರಾತ್ರಿಯ ಬಾಡಿಗೆಗಾಗಿ ವಾಯಿದೆ ಮೇಲೆ ವಾಯಿದೆ ಅಂತ ಯಾರು ಅಲೆಯುತ್ತಾರೆ ಸ್ವಾಮಿ? ಅದು ಲಾಡ್ಜಿನವರಿಗೂ ಚೆನ್ನಾಗಿ ಗೊತ್ತು.

ಜಿಲ್ಲೆಯ ಪ್ರವಾಸೋದ್ಯಮ ಸಮಿತಿಗೆ ತಾವೇ ಅಧ್ಯಕ್ಷರು. ಲಾಡ್ಜ್ ಮಾಲೀಕರನ್ನು ಕರೆಸಿ ಒಂದು ಮಾತಿಗೆ ಒಪ್ಪಿಸಿ. ಮುಂಗಡ ಕೊಟ್ಟವರಿಗೆ ರೂಮಿಲ್ಲವಾದರೆ ಅದೇ ರಾತ್ರಿ ಅಂಥದೇ ಇನ್ನೊಂದು ರೂಮನ್ನು ಅವರೇ ಹುಡುಕಿಕೊಡಲಿ. ಹೆಚ್ಚುವರಿ ಬಾಡಿಗೆ, ಆಟೋ ಚಾರ್ಜು ಅವರೇ ಭರಿಸಲಿ. ಇದನ್ನು ಕೌಂಟರಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ, ಜೊತೆಗೆ ರಾತ್ರಿ ಹೊತ್ತು ಎತ್ತುವಂಥ ಒಂದು ಫೋನ್ ನಂಬರೂ ಇರಲಿ. ಬುಕ್ ಮಾಡಿ ಬಾರದವರ ಮುಂಗಡವನ್ನು ಲಾಡ್ಜಿನವರು ಇಟ್ಟುಕೊಳ್ಳಲಿ, ನಮ್ಮ ತಕರಾರಿಲ್ಲ.

ನಾಯಕನಹಟ್ಟಿ ತೇರಿನ ಪೂರ್ವಭಾವಿ ಸಭೆ ಹೇಗೂ ನಡೆಯುತ್ತದೆ. ಈ ಸಲ ಅಲ್ಲಿಗೆ ಲಾಡ್ಜ್ ಮಾಲೀಕರನ್ನೂ ಕರೆಯಿರಿ.

ಇಂತಿ,
ಚಿತ್ರದುರ್ಗದ ಒಬ್ಬ ನಾಗರಿಕ