ಮೊಕದ್ದಮೆಗೆ ಮೊದಲು ನಮಗೊಂದು ಮೇಜು ಕೊಡಿ: ಕಾನೂನು ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಸನ್ಮಾನ್ಯ ಕಾನೂನು ಸಚಿವರಿಗೆ,

ಸಿಂದಗಿಯ ಪ್ರೌಢಶಾಲಾ ಶಿಕ್ಷಕನೊಬ್ಬನ ನಮಸ್ಕಾರಗಳು.

ಆರು ವರ್ಷಗಳಿಂದ ನಾನು ವಿಚ್ಛೇದನ ಮತ್ತು ಮಗಳ ಪಾಲನೆಯ ಮೊಕದ್ದಮೆಯಲ್ಲಿ ಪಕ್ಷಗಾರನಾಗಿದ್ದೇನೆ. ಬೆಳಗಿನ ಮೊದಲ ಬಸ್ಸು ಹಿಡಿದು, ವಿಜಯಪುರದಲ್ಲಿ ಬಸ್ಸು ಬದಲಿಸಿ, ಕೊಲ್ಹಾರದ ಸೇತುವೆ ದಾಟಿ, ಬಾಗಲಕೋಟೆ ಜಿಲ್ಲೆಯ ನ್ಯಾಯಾಲಯವೊಂದರ ಪಡಸಾಲೆಯಲ್ಲಿ ನನ್ನ ಹೆಸರಿನ ಪುಕಾರಿಗಾಗಿ ಮಧ್ಯಾಹ್ನದವರೆಗೆ ಕಾಯ್ದು, ಮುಂದಿನ ತಾರೀಖು ಬರೆದುಕೊಂಡು ರಾತ್ರಿ ಮನೆ ಸೇರುವುದನ್ನು ಈವರೆಗೆ 71 ಸಲ ಮಾಡಿದ್ದೇನೆ. ಮನೆಯ ಮಾತು ಓಣಿಗೆ ಬರಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಕಳೆದ ತಿಂಗಳು ನನ್ನ ಹತ್ತು ವರ್ಷದ ಮಗಳು, ‘ಪಪ್ಪಾ, ನಾ ಇನ್ನ ಮ್ಯಾಲ ಕೋರ್ಟಿಗೆ ಬರಂಗಿಲ್ಲ’ ಎಂದು ಹೇಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

ನನ್ನ ಹೆಂಡತಿಯನ್ನು ದೂರುವುದಕ್ಕಾಗಿ ಈ ಪತ್ರ ಬರೆಯುತ್ತಿಲ್ಲ. ಗಂಡ ಹೆಂಡತಿ ನ್ಯಾಯಾಲಯಕ್ಕೆ ಹೋಗುವ ಮೊದಲೇ ತಮ್ಮ ವಕೀಲರೊಂದಿಗೆ ಒಂದು ಮೇಜಿನ ಸುತ್ತ ಕೂತು, ಮಾತಾಡಿ ಬೇರೆಯಾಗುವ ದಾರಿಯೊಂದನ್ನು ಕೇಳಲು ಬರೆಯುತ್ತಿದ್ದೇನೆ. ನಮ್ಮಿಬ್ಬರಿಗೆ ಕೂಡಿ ಬಾಳುವುದು ಆಗಲಿಲ್ಲ, ಅಷ್ಟೇ. ವಕೀಲರ ಕಚೇರಿಯ ಮೆಟ್ಟಿಲು ಹತ್ತಿದ ದಿನ ನನ್ನಲ್ಲಿ ದುಃಖವಿತ್ತೇ ಹೊರತು ದ್ವೇಷವಿರಲಿಲ್ಲ. ಆದರೆ ಕ್ರೌರ್ಯವನ್ನು ಸಾಬೀತುಪಡಿಸದೆ ಬಿಡುಗಡೆ ಸಿಗುವುದಿಲ್ಲವೆಂದು ತಿಳಿಸಿದ ನನ್ನ ವಕೀಲರು, ನಾನು ಎಂದೂ ಆಡದ ಮಾತುಗಳನ್ನು ಅರ್ಜಿಯಲ್ಲಿ ಬರೆದರು. ‘ಇಷ್ಟಾದರೂ ಬರೆಯದಿದ್ದರೆ ಕೇಸು ನಿಲ್ಲುವುದಿಲ್ಲ ಮಾಸ್ತರೇ’ ಎಂದರು. ಓದಿ ನೋಡಿಯೂ ನಾನು ಸಹಿ ಹಾಕಿದೆ. ಆ ತಪ್ಪು ನನ್ನದು. ಅದಕ್ಕೆ ಬಂದ ತಕರಾರಿನಲ್ಲಿ ನನ್ನ ತಾಯಿಯ ಮೇಲೆ ಹೊರಿಸಿದ ಆರೋಪಗಳನ್ನು ಓದಿಸಿ ಕೇಳಿದ ಅವರು ಎರಡು ದಿನ ಊಟ ಬಿಟ್ಟರು. ಪಾಟಿ ಸವಾಲಿನ ದಿನ ನನ್ನ ಹೆಂಡತಿ ಕಟಕಟೆಯಲ್ಲಿ ನಿಂತು ಅಳುತ್ತಿದ್ದಾಗ, ಅಳಿಸುತ್ತಿದ್ದವರು ನನ್ನ ಹಣ ಪಡೆದ ನನ್ನದೇ ವಕೀಲರು ಎಂಬುದು ನನಗೆ ಇಂದಿಗೂ ಮರೆಯಲಾಗದ ಸಂಗತಿ.

ಮಾನ್ಯರೇ, ಒಂದು ಘಟನೆಯನ್ನು ಮಾತ್ರ ವಿವರವಾಗಿ ಹೇಳಲು ಅಪ್ಪಣೆ ಕೊಡಿ. ಮೂರು ವರ್ಷಗಳ ಹಿಂದೆ, ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ 11ರಿಂದ 1 ಗಂಟೆಯವರೆಗೆ ನ್ಯಾಯಾಲಯದ ಆವರಣದಲ್ಲಿ ಮಗಳನ್ನು ಭೇಟಿಯಾಗಲು ನನಗೆ ಆದೇಶ ಸಿಕ್ಕಿತು. ಎರಡನೆಯ ಶನಿವಾರ ನ್ಯಾಯಾಲಯಕ್ಕೆ ರಜೆ ಎಂಬುದು ಆದೇಶ ಬರೆಸಿದವರಿಗಾಗಲಿ, ಬರೆದವರಿಗಾಗಲಿ, ವಾದಿಸಿದ ಇಬ್ಬರು ವಕೀಲರಿಗಾಗಲಿ ಹೊಳೆಯಲಿಲ್ಲ. ನಾನು ಹೋದಾಗ ಗೇಟಿಗೆ ಬೀಗ ಬಿದ್ದಿತ್ತು. ಕಾವಲುಗಾರನಿಗೆ ಆದೇಶದ ನಕಲು ತೋರಿಸಿದೆ. ಬೀಗ ತೆಗೆಯುವ ಅಧಿಕಾರ ತನಗಿಲ್ಲವೆಂದು ಅವನು ಹೇಳಿದ್ದು ನ್ಯಾಯವೇ ಆಗಿತ್ತು. ಹಬ್ಬದ ಲಂಗ ತೊಟ್ಟು ಅಜ್ಜನ ಕೈ ಹಿಡಿದು ಬಂದಿದ್ದ ನನ್ನ ಮಗಳೊಂದಿಗೆ, ರಸ್ತೆಯಂಚಿನ ಚಹಾದಂಗಡಿಯ ಬೆಂಚಿನ ಮೇಲೆ, ಕಬ್ಬಿನ ಟ್ರ್ಯಾಕ್ಟರುಗಳ ಸದ್ದಿನ ನಡುವೆ ನಾನು ಆ ಎರಡು ಗಂಟೆ ಕುಳಿತೆ. ‘ಒಳಗ ಯಾಕ ಬಿಡವಲ್ಲರು ಪಪ್ಪಾ? ನಾ ಏನರ ತಪ್ಪ ಮಾಡೇನೇನು?’ ಎಂದು ಅವಳು ಕೇಳಿದಳು. ‘ಎರಡನೆಯ’ ಎಂಬ ಒಂದೇ ಪದವನ್ನು ‘ಮೊದಲನೆಯ’ ಎಂದು ತಿದ್ದಿಸಲು ಮಧ್ಯಂತರ ಅರ್ಜಿ ಹಾಕಬೇಕಾಯಿತು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಒಂದು ತಾರೀಖಿಗೆ ವಕೀಲರು ಕಲಾಪದಿಂದ ದೂರ ಉಳಿದಿದ್ದರು, ಇನ್ನೊಂದಕ್ಕೆ ನ್ಯಾಯಾಧೀಶರು ರಜೆಯಲ್ಲಿದ್ದರು, ಮತ್ತೊಂದಕ್ಕೆ ಎದುರು ಪಕ್ಷದವರು ತಕರಾರು ಸಲ್ಲಿಸಲು ಸಮಯ ಕೇಳಿದರು. ಏಳು ವರ್ಷದ ಮಗುವಿಗೆ ನಾಲ್ಕು ತಿಂಗಳು ಎಷ್ಟು ದೀರ್ಘವೆಂದು ಶಿಕ್ಷಕನಾದ ನನಗೆ ಗೊತ್ತು.

ಕಾನೂನು ಏನು ಹೇಳುತ್ತದೆಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತಿದೆ. ಹಿಂದೂ ವಿವಾಹ ಕಾಯ್ದೆಯ 21ಬಿ ಕಲಮು ನೋಟಿಸು ಜಾರಿಯಾದ ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕೆನ್ನುತ್ತದೆ. ನನ್ನದಕ್ಕೆ ಆರು ವರ್ಷವಾಯಿತು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೆಯ ಕಲಮು ರಾಜಿಗೆ ಯತ್ನಿಸುವುದನ್ನು ನ್ಯಾಯಾಲಯದ ಕರ್ತವ್ಯವನ್ನಾಗಿ ಮಾಡಿದೆ, 6ನೆಯ ಕಲಮು ಆಪ್ತಸಮಾಲೋಚಕರ ಸಂಖ್ಯೆಯನ್ನು ಉಚ್ಚ ನ್ಯಾಯಾಲಯದೊಂದಿಗೆ ಸಮಾಲೋಚಿಸಿ ನಿರ್ಧರಿಸುವ ಹೊಣೆಯನ್ನು ರಾಜ್ಯ ಸರ್ಕಾರದ ಮೇಲೆ, ಅಂದರೆ ತಮ್ಮ ಮೇಲೆ, ಹೊರಿಸಿದೆ. ದಾಂಪತ್ಯ ವಿವಾದಗಳನ್ನು ಮೊಕದ್ದಮೆಗೆ ಮುಂಚೆಯೇ ಮಧ್ಯಸ್ಥಿಕೆಗೆ ಒಯ್ಯಲು ವ್ಯವಸ್ಥೆ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿಯೇ ಹೇಳಿತು. ಹೆತ್ತವರಿಬ್ಬರೂ ಕೂಡಿ ಮಗುವನ್ನು ನೋಡಿಕೊಳ್ಳುವ ಜಂಟಿ ಪಾಲನೆಗೆ ಅವಕಾಶವಿರಬೇಕೆಂದು ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಇಷ್ಟೆಲ್ಲ ಇದ್ದೂ, ಆರು ವರ್ಷಗಳಲ್ಲಿ ನಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸಿದ್ದು ಒಂದೇ ಸಲ. ಇಪ್ಪತ್ತು ನಿಮಿಷದ ಆ ಭೇಟಿಯಲ್ಲಿ ಕೇಳಿದ್ದು, ‘ಹೊಂದಿಕೊಂಡು ಹೋಗ್ತೀರೋ ಇಲ್ಲೋ’ ಎಂಬ ಒಂದೇ ಪ್ರಶ್ನೆ. ಹೇಗೆ ಬೇರೆಯಾಗಬೇಕು, ಬೇರೆಯಾದ ಮೇಲೆ ಮಗುವಿಗೆ ತಂದೆ ತಾಯಿಯಾಗಿ ಹೇಗೆ ಉಳಿಯಬೇಕು ಎಂದು ನಮ್ಮನ್ನು ಯಾರೂ ಕೇಳಲಿಲ್ಲ.

ಅದನ್ನೇ ಕೇಳುವ ಪದ್ಧತಿಯೊಂದು ಇದೆ. ಅಮೆರಿಕದ ಮಿನ್ನೆಸೋಟಾ ರಾಜ್ಯದ ಸ್ಟುವರ್ಟ್ ವೆಬ್ ಎಂಬ ವಕೀಲರು, ಕುಟುಂಬದ ಮೊಕದ್ದಮೆಗಳಲ್ಲಿ ಬಡಿದಾಡಿ ಬೇಸತ್ತು, 1990ರಲ್ಲಿ ಇದನ್ನು ಆರಂಭಿಸಿದರು. ಇದಕ್ಕೆ ಸಹಯೋಗದ ಕೌಟುಂಬಿಕ ಕಾನೂನು ಎನ್ನಬಹುದು. ಗಂಡ, ಹೆಂಡತಿ, ಇಬ್ಬರ ವಕೀಲರು, ಹೀಗೆ ನಾಲ್ವರೂ ಒಂದೇ ಮೇಜಿನ ಸುತ್ತ ಕೂಡುತ್ತಾರೆ. ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಮುಚ್ಚಿಡದೆ ತೋರಿಸುವುದಾಗಿ ಮೊದಲೇ ಕರಾರು ಬರೆಯುತ್ತಾರೆ. ಅಗತ್ಯವಿದ್ದರೆ ಹಣಕಾಸು ಬಲ್ಲವರೊಬ್ಬರನ್ನೂ ಮಕ್ಕಳ ಮನಸ್ಸು ಬಲ್ಲವರೊಬ್ಬರನ್ನೂ ಎರಡೂ ಕಡೆಗೆ ಸಮಾನರಾಗಿ ಕರೆಯುತ್ತಾರೆ. ಮಾತುಕತೆ ಮುರಿದು ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಆ ಇಬ್ಬರೂ ವಕೀಲರು ಪ್ರಕರಣದಿಂದ ಹಿಂದೆ ಸರಿಯಲೇಬೇಕು. ಇಡೀ ಪದ್ಧತಿಯ ಜೀವವಿರುವುದು ಈ ಕೊನೆಯ ಷರತ್ತಿನಲ್ಲಿ. ಏಕೆಂದರೆ ಜಗಳ ಬೆಳೆದಷ್ಟು ತಾರೀಖು, ತಾರೀಖು ಬೆಳೆದಷ್ಟು ಫೀ ಎಂಬ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹೊಡೆತ, ಬೆದರಿಕೆ ಇರುವ ಮನೆಗಳಿಗೆ ಇದು ತಕ್ಕುದಲ್ಲ. ಅಂಥ ಹೆಣ್ಣುಮಕ್ಕಳಿಗೆ ನ್ಯಾಯಾಲಯದ ರಕ್ಷಣೆಯೇ ಬೇಕು. ನಮ್ಮ ಭಾಗದಲ್ಲಿ ದೈವದ, ಅಂದರೆ ಸಮಾಜದ, ಹಿರಿಯರು ಕಟ್ಟೆಯ ಮೇಲೆ ಕೂಡಿ ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಬರೆಸುತ್ತಿದ್ದ ಕಾಲ ಮರಳಿ ಬರಲೆಂದೂ ನಾನು ಬಯಸುವುದಿಲ್ಲ; ಅಲ್ಲಿ ಹೆಣ್ಣಿನ ಮಾತು ನಡೆಯುತ್ತಿರಲಿಲ್ಲ. ಈ ಮೇಜಿನಲ್ಲಾದರೋ ಅವಳ ಪಕ್ಕದಲ್ಲಿ ಅವಳದೇ ವಕೀಲರಿರುತ್ತಾರೆ. ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ಕಾನೂನು ನೆರವಿನ ಹಕ್ಕನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿರುವುದರಿಂದ ಆ ಖರ್ಚಿಗೂ ದಾರಿಯಿದೆ.

ಇದು ನಮ್ಮಂಥವರಿಂದ ಆಗದ ಮಾತೆಂದು ದಯವಿಟ್ಟು ಹೇಳಬೇಡಿ. ಹೋದ ವರ್ಷ ಮಗಳಿಗೆ ಡೆಂಗಿ ಬಂದಾಗ ನಾವಿಬ್ಬರೂ ಆಸ್ಪತ್ರೆಯಲ್ಲಿ ಒಂದು ರಾತ್ರಿ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ನಸುಕಿನ ಹೊತ್ತಿಗೆ ಔಷಧದ ಚೀಟಿಯ ಹಿಂಬದಿಗೆ ಎಲ್ಲವನ್ನೂ ಬರೆದಾಗಿತ್ತು: ಪಂಚಮಿ ತಾಯಿಯ ಮನೆಯಲ್ಲಿ, ದಸರಾ ರಜೆ ನನ್ನಲ್ಲಿ, ಬೇಸಿಗೆ ಅರ್ಧರ್ಧ, ಶಾಲೆಯ ಫೀ ನನ್ನದು, ಪ್ರತಿ ಭಾನುವಾರ ಸಂಜೆ ಫೋನು. ಮರುದಿನ ಇಬ್ಬರ ವಕೀಲರೂ ಸಹಿ ಹಾಕಬೇಡಿರೆಂದರು, ಹಾಕಿದರೆ ನಡೆಯುತ್ತಿರುವ ಕೇಸು ದುರ್ಬಲವಾಗುತ್ತದೆಂದು. ಆ ಚೀಟಿ ಈಗಲೂ ನನ್ನ ಬಳಿ ಇದೆ. ಅಂದು ಅದನ್ನು ಕರಾರು ಮಾಡಿಕೊಡುವವರು ಒಬ್ಬರಿದ್ದಿದ್ದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕಿರುವ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ ಜಂಟಿ ಅರ್ಜಿ ಹಾಕಿ ಎಂದೋ ಮುಗಿಸುತ್ತಿದ್ದೆವು. ಅದರ ಆರು ತಿಂಗಳ ಕಾಯುವಿಕೆಯನ್ನೂ ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ.

ಆದ್ದರಿಂದ ಕೇಳುತ್ತೇನೆ: ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಮೊಕದ್ದಮೆಗೆ ಮೊದಲೇ ಕೂಡುವ ಇಂಥ ಮೇಜನ್ನು ಸ್ಥಾಪಿಸಿ. ಅದಕ್ಕೆ ತರಬೇತಿ ಪಡೆದ ವಕೀಲರನ್ನೂ ಖಾಯಂ ಆಪ್ತಸಮಾಲೋಚಕರನ್ನೂ ಕೊಡಿ. ಮಕ್ಕಳು ತಂದೆಯನ್ನೋ ತಾಯಿಯನ್ನೋ ಕಾಣಲು ನ್ಯಾಯಾಲಯದ ಹೊರಗೆ, ರಜೆಯ ದಿನವೂ ತೆರೆದಿರುವ ಒಂದು ಕೋಣೆ ಕೊಡಿ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನಕ್ಕೆ ತಾವು ಬಂದಾಗ ಉತ್ತರ ಕರ್ನಾಟಕದ ಸಮಸ್ಯೆಗಳ ಚರ್ಚೆಯಲ್ಲಿ ಇದಕ್ಕೂ ಒಂದು ಗಂಟೆ ಕೊಡಿ. ಮೊಕದ್ದಮೆಗೆ ಮೊದಲು ನಮಗೊಂದು ಮೇಜು ಕೊಡಿ ಎಂಬುದಷ್ಟೇ ನನ್ನ ಬೇಡಿಕೆ. ಬೇರೆ ಏನನ್ನೂ ಕೇಳುತ್ತಿಲ್ಲ.

ಮುಂದಿನ ತಿಂಗಳ ಮೊದಲನೆಯ ಶನಿವಾರ ನನ್ನ ಭೇಟಿಯ ದಿನ. ಮಗಳನ್ನು ಅಂದು ಕರೆತರುವುದು ಬೇಡವೆಂದು ಅವಳ ತಾಯಿಗೆ ನಾನೇ ಹೇಳಿ ಕಳುಹಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸಿಂದಗಿಯ ಒಬ್ಬ ಶಿಕ್ಷಕ