ಸೋರುವ ಕಿವಿಗೆ ಚೀಟಿ ಬರೆದರೆ ಸಾಕೇ?

ಮಾನ್ಯರೇ,

ಶಾಲೆಗಳಲ್ಲಿ ಕಣ್ಣು ಪರೀಕ್ಷೆ ಆಗುತ್ತದೆ, ಕನ್ನಡಕವೂ ಸಿಗುತ್ತದೆ. ಒಳ್ಳೆಯದೇ. ಆದರೆ ಕಿವಿಗೆ ಹತ್ತಿ ತುರುಕಿಕೊಂಡು ಹಿಂದಿನ ಬೆಂಚಲ್ಲಿ ಕೂತ ಮಗುವಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಕರೆದರೆ ತಿರುಗುವುದಿಲ್ಲ, ಉಕ್ತಲೇಖನದಲ್ಲಿ ತಪ್ಪು ಜಾಸ್ತಿ, ಕೊನೆಗೆ ದಡ್ಡ ಅನ್ನಿಸಿಕೊಳ್ಳುತ್ತದೆ. ಮನೆಯಲ್ಲಿ ಕೇಳಿದರೆ "ಚಿಕ್ಕಂದಿನಿಂದಲೂ ಸೋರುತ್ತೆ ಮೇಡಂ, ದೊಡ್ಡವನಾದ ಮೇಲೆ ಸರಿಹೋಗುತ್ತೆ" ಅನ್ನುತ್ತಾರೆ, ಸಾಲದ್ದಕ್ಕೆ ಬಿಸಿ ಎಣ್ಣೆ ಬೇರೆ ಬಿಡುತ್ತಾರೆ.

ಪೆಟ್ಟು ಬಿದ್ದೋ ಸೋಂಕಾಗಿಯೋ ಕಿವಿಯ ತಮಟೆಯಲ್ಲಿ ಆದ ಸಣ್ಣ ತೂತು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ಮುಚ್ಚಿಕೊಳ್ಳುವುದು ನಿಜ. ಆದರೆ ತಿಂಗಳುಗಟ್ಟಲೆ ಉಳಿದು, ನೆಗಡಿಯಾದಾಗೆಲ್ಲ ಕೀವು ಸೋರುವ ತೂತು ಸಾಮಾನ್ಯವಾಗಿ ಹಾಗೆ ಮುಚ್ಚುವುದಿಲ್ಲ. ಅದಕ್ಕೇ ಟಿಂಪನೋಪ್ಲಾಸ್ಟಿ ಎಂಬ ಆಪರೇಷನ್ ಇರುವುದು. ಕಿವಿ ಮೇಲ್ಗಡೆಯ ಮಾಂಸಖಂಡದ ತೆಳು ಪೊರೆಯನ್ನೋ, ಕಿವಿಯ ಮೆದು ಮೂಳೆಯ ಚೂರನ್ನೋ ತೆಗೆದು ತಮಟೆಗೆ ತೇಪೆ ಹಾಕುತ್ತಾರೆ. ಈಗ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಇರುವ ಸಣ್ಣ ಕೊಳವೆ ಬಳಸಿ ಕಿವಿಯ ಹೊರದಾರಿಯೊಳಗಿಂದಲೇ ಮಾಡುವುದೂ ಇದೆ. ಡಾಕ್ಟರು "ಸ್ವಲ್ಪ ಕಾಯೋಣ" ಅಂದರೆ ಅದೂ ಸುಮ್ನೆ ಅಲ್ಲ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ನಳಿಕೆ ಚಿಕ್ಕ ಮಕ್ಕಳಲ್ಲಿ ಗಿಡ್ಡ, ಅಡ್ಡಡ್ಡ ಇರುತ್ತದೆ, ನೆಗಡಿಯೂ ಪದೇ ಪದೇ ಬರುತ್ತದೆ, ತೇಪೆ ನಿಲ್ಲುವುದು ಕಷ್ಟ, ಹಾಗಾಗಿ ಅನೇಕರು 7-8 ವರ್ಷದವರೆಗೆ ಕಾಯುತ್ತಾರೆ. ಕೆಟ್ಟ ವಾಸನೆಯ ಕೀವು ಬಂದರೆ ಮಾತ್ರ ತಡ ಮಾಡಬಾರದು. ಅದು ಕೊಲೆಸ್ಟಿಯಟೋಮಾ, ಅಂದರೆ ತಮಟೆಯ ಹಿಂದೆ ಚರ್ಮ ಸೇರಿ ಬೆಳೆಯುವ ಗಂಟು, ಆಗಿದ್ದರೆ ಒಳಗಿನ ಮೂಳೆಯನ್ನೇ ತಿನ್ನುತ್ತದೆ.

ಕಿವುಡುತನ ತಡೆಯಲು ರಾಷ್ಟ್ರೀಯ ಕಾರ್ಯಕ್ರಮ 2007ರಲ್ಲೇ ಶುರುವಾಯಿತು. ತಂಡವೊಂದು ಶಾಲೆಗೇ ಬಂದು ಮಕ್ಕಳನ್ನು ಪರೀಕ್ಷಿಸುವ, 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿ ಸೋಂಕೂ ಇದೆ. ನಾನು ಕಂಡಂತೆ ಕೆಲಸ ನಿಲ್ಲುವುದು ಆ ತಂಡ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟ ಮೇಲೆ. ಜಿಲ್ಲಾ ಆಸ್ಪತ್ರೆಗೆ ಹೋದರೆ ಅಪ್ಪ ಅಮ್ಮನ ಕೂಲಿ ತಪ್ಪುತ್ತದೆ, ಅಲ್ಲಿ ಮೊದಲು ಕಿವಿ ಒಣಗಲಿ ಎಂದು ಔಷಧಿ ಕೊಟ್ಟು ಮತ್ತೆ ಬರಲು ಹೇಳುತ್ತಾರೆ, ಅಷ್ಟರಲ್ಲಿ ಸೋರುವುದು ನಿಂತಿರುತ್ತದೆ, ವಾಸಿಯಾಯಿತು ಎಂದು ಮನೆಯವರು ಸುಮ್ಮನಾಗುತ್ತಾರೆ. ತೂತು ಹಾಗೇ ಇರುತ್ತದೆ ಅಲ್ವಾ?

ಆರೋಗ್ಯ ಇಲಾಖೆ ಇಷ್ಟು ಮಾಡಲಿ. ಚೀಟಿ ಕೊಟ್ಟ ಮಕ್ಕಳ ಪಟ್ಟಿ ಶಾಲೆಯಲ್ಲೂ ಇರಲಿ, ಮುಂದಿನ ಸಲ ತಂಡ ಬಂದಾಗ ಆಪರೇಷನ್ ಆಯಿತೋ ಇಲ್ಲವೋ ಎಂದು ಒಬ್ಬೊಬ್ಬರದೇ ವಿಚಾರಿಸಲಿ. ಸಾಧ್ಯವಾದಷ್ಟು ಬೇಸಿಗೆ ರಜೆಯಲ್ಲೇ ದಿನ ಕೊಟ್ಟರೆ ಪಾಠವೂ ತಪ್ಪುವುದಿಲ್ಲ. ಆಪರೇಷನ್ ಆದ ಕಿವಿಗೆ ನೀರು ಹೋಗಬಾರದಲ್ಲ, ಆ ರಜೆಯಲ್ಲಿ ಹುಡುಗರು ಈಜಲು ಬಾವಿಗೆ ಹಾರದಂತೆ ನೋಡಿಕೊಳ್ಳುವುದು ಮಾತ್ರ ಮನೆಯವರ ಪಾಡು!

— ನಿವೃತ್ತ ಶಿಕ್ಷಕಿ, ಹಾವೇರಿ ಜಿಲ್ಲೆ