ಪುಟ್ಟನಿಗೆ, ಊದಿನ ಎಣ್ಣೆಯ ವಿಷಯವಾಗಿ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವು ಕ್ಷೇಮ. ನಿನ್ನ ದೊಡ್ಡಪ್ಪನ ಮಂಡಿನೋವು ಈಗ ಪರವಾಗಿಲ್ಲ. ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬರುತ್ತಾರೆ.

ಹೋದ ಭಾನುವಾರ ನೀನು ಚೀಲದಿಂದ ಆ ಮರದ ಪೆಟ್ಟಿಗೆ ತೆಗೆದು ಊಟದ ಮೇಜಿನ ಮೇಲೆ ಇಟ್ಟೆಯಲ್ಲ, ಹನ್ನೊಂದು ಸೀಸೆ ಊದಿನ ಎಣ್ಣೆ, ಮೈಗೆ ಹಚ್ಚುವ ಅತ್ತರು. ಎರಡೂ ಕೈಗೆ ಐದು ಬಗೆಯ ಎಣ್ಣೆ ಸವರಿಕೊಂಡು, "ದೊಡ್ಡಮ್ಮ, ಮೂಸಿ ನೋಡು, ಯಾವ್ದು ಬೆಸ್ಟು ಹೇಳು" ಅಂದೆ. ನಾನು ಸುಮ್ಮನಿದ್ದೆ. ನಿನ್ನ ಮುಖ ಸಣ್ಣಗಾಯಿತು, ಅದನ್ನೂ ನೋಡಿದೆ. ಒಳಗೆ ಹುಳಿಗೆ ಇಂಗಿನ ಒಗ್ಗರಣೆ ಆಗಷ್ಟೇ ಬಿದ್ದಿತ್ತು. ನನ್ನ ತಲೆ ತುಂಬಾ ಮಲ್ಲಿಗೆ. ನಿನ್ನ ಕೈ ಮೇಲೆ ಐದು ಎಣ್ಣೆ ಒಂದಕ್ಕೊಂದು ಸೇರಿಕೊಂಡಿದ್ದವು. ಅಂಥ ಹೊತ್ತಿನಲ್ಲಿ ಏನು ಹೇಳಿದ್ದರೂ ಬಾಯಿಗೆ ಬಂದ ಮಾತಾಗುತ್ತಿತ್ತು. ಅವತ್ತು ಹೇಳಬೇಕಿದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ನಿನಗೆ ಈ ಹುಚ್ಚು ಹಿಡಿದದ್ದು ನನಗೆ ತುಂಬಾ ಸಂತೋಷ, ಅದನ್ನು ಮೊದಲು ಹೇಳಿಬಿಡುತ್ತೇನೆ. ಇಪ್ಪತ್ತಾರು ವರ್ಷ ಊದಿನಕಡ್ಡಿ ಕಾರ್ಖಾನೆಯ ಲ್ಯಾಬಿನಲ್ಲಿ ಕಾಂಪೌಂಡ್, ಅಂದರೆ ಕಡ್ಡಿಗೆ ಹಾಕುವ ಸುಗಂಧದ ಮಿಶ್ರಣ, ಬೆರೆಸಿದವಳು ನಾನು. ಹಾಲ್ಮಡ್ಡಿ ಅನ್ನುವ ಮರದ ಅಂಟು, ಕಡ್ಡಿಗೆ ಹಿಟ್ಟು ಹಿಡಿಸುವ ಜಿಗಟು ಪುಡಿ, ಗಂಧದ ಪುಡಿ, ಇವುಗಳ ನಡುವೆಯೇ ವಯಸ್ಸಾಯಿತು. ಮನೆಯಲ್ಲಿ ಯಾರಿಗೂ ವಾಸನೆಯ ಬಗ್ಗೆ ಎರಡು ಮಾತು ಆಡುವ ಆಸೆ ಇರಲಿಲ್ಲ. ಈಗ ನೀನು ಸಿಕ್ಕಿದ್ದೀಯ.

ನೀನು ಊದ್ ಅನ್ನುವಾಗ ಯಾವುದೋ ಪರದೇಶದ ಪದದ ಹಾಗೆ ಹೇಳುತ್ತೀಯ. ದೇವರ ಮುಂದೆ ನಾವು ಹಚ್ಚುವುದು ಊದಿನಕಡ್ಡಿ ಅಲ್ವಾ? ಅದೇ ಊದು. ಅರಬ್ಬಿಯಲ್ಲಿ ಊದ್ ಅಂದರೆ ಕಟ್ಟಿಗೆ. ಅಗರಬತ್ತಿಯ ಅಗರು ಕೂಡ ಇದೇ ಮರ. ಇವತ್ತಿನ ಮಾಮೂಲಿ ಕಡ್ಡಿಯಲ್ಲಿ ಅಗರು ಎಲ್ಲಿಂದ ಬರಬೇಕು, ಹೆಸರು ಮಾತ್ರ ಉಳಿದಿದೆ. ಒಂದರ ಪಕ್ಕ ಒಂದು ಇಟ್ಟು ನೋಡುವ ಚಪಲವೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಗರುವನ್ನು ಬಗೆಬಗೆಯಾಗಿ ವಿಂಗಡಿಸಿದ್ದಾರೆ. ಜೋಂಗಕ ಅನ್ನುವುದು ಕಪ್ಪು. ಸಮುದ್ರದ ಆಚೆಯಿಂದ ಬಂದದ್ದಕ್ಕೆ ಲಾವಂಚದ ವಾಸನೆ, ಇಲ್ಲವೇ ನವಮಲ್ಲಿಕೆಯ ವಾಸನೆ. ಒಳ್ಳೆಯ ಅಗರು ತೂಕವಾಗಿರಬೇಕು, ಜಿಡ್ಡಿರಬೇಕು, ಕಂಪು ದೂರ ಹೋಗಬೇಕು, ಉಜ್ಜಿದರೂ ತಡೆಯಬೇಕು ಅಂತ ಬರುತ್ತದೆ. ಮುಚ್ಚಳ ತೆಗೆದು ಒಂದು ಸಲ ಮೂಸಿದರೆ ಇವೆಲ್ಲಾ ಎಲ್ಲಿ ತಿಳಿಯುತ್ತವೆ? ಕೈಯಲ್ಲಿ ಹಿಡಿದು ಬಳಸಿ ನೋಡಬೇಕು. ನಾನು ನಿನಗೆ ಹೇಳಬೇಕು ಅಂದುಕೊಂಡಿರುವುದೂ ಇಷ್ಟೇ. ಒಂದು ಎಣ್ಣೆಯ ಜೊತೆ ಒಂದು ಇಡೀ ದಿನ ಕಳೆ. ಆಮೇಲೆ ಬೇಕಾದರೆ ಇನ್ನೊಂದರ ಪಕ್ಕ ಇಡು.

ಯಾಕೆ ಅಂತ ಕೇಳುತ್ತೀಯ. ಶ್ರೀಗಂಧದ ಮರ ಗಟ್ಟಿಮುಟ್ಟಾಗಿ ಬೆಳೆದರೆ ಸಾಕು, ಅದರ ಚೇಗಿನಲ್ಲಿ ಪರಿಮಳ ತಾನೇ ಕೂಡುತ್ತದೆ. 1916ರಲ್ಲಿ ನಮ್ಮ ಮೈಸೂರು ಸಂಸ್ಥಾನ ಗಂಧದ ಎಣ್ಣೆ ತೆಗೆಯಲು ಕೈಹಾಕಿತು. ಆ ಎಣ್ಣೆಯಲ್ಲಿ ಅದರ ಪರಿಮಳದ ಮುಖ್ಯ ಅಂಶವಾದ ಸ್ಯಾಂಟಲಾಲ್ ಎಷ್ಟಿದೆ ಅಂತ ನೋಡಿದರೆ ಗುಣಮಟ್ಟ ಸುಮಾರಾಗಿ ಗೊತ್ತಾಗುತ್ತದೆ. ಅಗರು ಹಾಗಲ್ಲ. ಆರೋಗ್ಯವಾಗಿರುವ ಅಗರು ಮರ ಕಡಿದರೆ ಬೆಳ್ಳಗೆ, ಹಗುರ, ವಾಸನೆಯೇ ಇಲ್ಲ. ಕಾಂಡ ಕೊರೆಯುವ ಹುಳು ತೂತು ಮಾಡಿ, ಗಾಯದೊಳಗೆ ಬೂಷ್ಟು ಸೇರಿಕೊಂಡಾಗ ಮರ ತನ್ನನ್ನು ಕಾಪಾಡಿಕೊಳ್ಳಲು ಅಂಟು ಸುರಿಸುತ್ತದೆ. ವರ್ಷಗಟ್ಟಲೆ ಆ ಅಂಟು ಕೂಡಿ ಕಟ್ಟಿಗೆ ಕಪ್ಪಾಗುತ್ತದೆ, ಭಾರವಾಗುತ್ತದೆ. ತುಂಬಾ ಒಳ್ಳೆಯ ತುಂಡನ್ನು ನೀರಿಗೆ ಹಾಕಿದರೆ ಮುಳುಗುತ್ತದೆ. ಈಗ ಮೊಳೆ ಹೊಡೆದು, ಡ್ರಿಲ್ ಮಾಡಿ ಗಾಯ ಮಾಡುವುದೂ ಉಂಟು. ಮರಕ್ಕೊಂದು ಗಾಯ, ಗಾಯಕ್ಕೊಂದು ಎಣ್ಣೆ. ಎಲ್ಲಕ್ಕೂ ಸೇರಿ ಒಂದು "ಬೆಸ್ಟು" ಎಲ್ಲಿಂದ ತರಲಿ?

ನಿನ್ನ ಪೆಟ್ಟಿಗೆಯಲ್ಲಿ ಹಿಂದಿ ಅಂತ ಚೀಟಿ ಇರುವುದು ಅಸ್ಸಾಂ ಕಡೆಯದು. ಕೊಲ್ಲಿ ದೇಶದವರು ನಮ್ಮ ಎಣ್ಣೆಗೆ ಇಟ್ಟ ಹೆಸರು ಅದು. ಅಸ್ಸಾಮಿನಲ್ಲಿ ಹೋಜಾಯ್ ಅಂತ ಊರು, ಅಗರು ವ್ಯಾಪಾರಕ್ಕೆ ಹೆಸರುವಾಸಿ. ಚೂರು ಮಾಡಿದ ಕಟ್ಟಿಗೆಯನ್ನು ದಿನಗಟ್ಟಲೆ, ಕೆಲವು ಕಡೆ ವಾರಗಟ್ಟಲೆ ನೀರಿನಲ್ಲಿ ನೆನೆಹಾಕುತ್ತಾರೆ. ಅದು ಹುಳಿ ಬರುತ್ತದೆ. ಆಮೇಲೆ ನೀರಿನ ಜೊತೆ ಕುದಿಸಿ, ಆವಿ ಹಿಡಿದು ಎಣ್ಣೆ ತೆಗೆಯುತ್ತಾರೆ. ನೀನು ಮೂಗು ಮುಚ್ಚಿಕೊಂಡು "ದನದ ಕೊಟ್ಟಿಗೆ ಥರ ಇದೆ, ಮೋಸ ಹೋದೆ" ಅಂದೆಯಲ್ಲ, ಆ ಕೊಟ್ಟಿಗೆ ವಾಸನೆ ಬಂದಿದ್ದು ಹೆಚ್ಚಾಗಿ ಆ ನೆನೆಸುವ ತೊಟ್ಟಿಯಿಂದ. ಅದನ್ನು ಎಸೆಯಬೇಡ. ಅದನ್ನೇ ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವುದು.

ನನ್ನ ನೋಟ್‌ಬುಕ್ಕಿನ ಒಂದು ಪುಟ ಇಲ್ಲಿ ಹಾಗೇ ಬರೆಯುತ್ತೇನೆ. ಡಿಸೆಂಬರಿನ ಒಂದು ದಿನ, ಚಳಿ ಚೆನ್ನಾಗಿತ್ತು. ನನ್ನ ಅಸ್ಸಾಂ ಎಣ್ಣೆ ಸೀಸೆಯಲ್ಲಿ ಜೇನಿನ ಹಾಗೆ ಗಟ್ಟಿಯಾಗಿತ್ತು. ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ಗಾಜಿನ ಕಡ್ಡಿಯಿಂದ ಎಡಗೈ ಮಣಿಕಟ್ಟಿಗೆ ಒಂದೇ ಗೀರು.

"ಬೆಳಗ್ಗೆ 7: ಹಟ್ಟಿ, ಒದ್ದೆ ಹುಲ್ಲು, ಸ್ವಲ್ಪ ಹುಳಿ. 7.30: ಹೊಸ ಚಪ್ಪಲಿಯ ಚರ್ಮ, ಲವಂಗ. 10: ಹೊಗೆ ಕುಡಿದ ಅಟ್ಟ, ಹಳೇ ಕೊಬ್ಬರಿ ಚೀಲ. ಮಧ್ಯಾಹ್ನ 1: ಹಟ್ಟಿ ಪೂರ್ತಿ ಹೋಯಿತು. ಒಣದ್ರಾಕ್ಷಿ, ಕಪ್ಪು ಬೆಲ್ಲ. ಸಂಜೆ 5: ಬರೀ ಮರ. ಸಿಹಿ. ಅಮ್ಮನ ಟ್ರಂಕು ತೆಗೆದ ಹಾಗೆ."

ಆ ಸಂಜೆ ಮಹಡಿ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕೈ ಮೇಲೆತ್ತಿದಾಗ ಆ ಕೊನೆಯ ಸಿಹಿ ಮೂಗಿಗೆ ಬಂತು. ನಿನ್ನ ಅಜ್ಜಿ ತೀರಿಹೋಗಿ ಎಷ್ಟೋ ವರ್ಷ ಆಗಿದೆ. ನಾನು ತೊಳೆದ ಸೀರೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏಳು ಗಂಟೆಯ ಹಟ್ಟಿ ವಾಸನೆಗೇ ಕೈ ತೊಳೆದುಕೊಂಡಿದ್ದರೆ ಐದು ಗಂಟೆಯದ್ದು ಸಿಗುತ್ತಿರಲಿಲ್ಲ.

ನೀನೂ ಒಂದು ನೋಟ್‌ಬುಕ್ ಇಡು. ನಿನ್ನ ಮೂಗಿಗೆ ಗೊತ್ತಿರುವ ಮಾತಲ್ಲೇ ಬರೆ. ಹಲಸಿನ ತೊಳೆ, ಹುಣಸೆ, ಸುಟ್ಟ ಕಾಗದ, ಕಮಟು, ಒಗರು, ಮೊದಲ ಮಳೆಯ ಮಣ್ಣು, ಏನು ಅನಿಸಿತೋ ಅದು. ಬೇರೆಯವರು ವೆನಿಲಾ ಅಂದರು ಅಂತ ನೀನೂ ವೆನಿಲಾ ಹುಡುಕಿಕೊಂಡು ಕೂರಬೇಡ.

ಹೋಲಿಸುವಾಗ ಎರಡೇ ಎಣ್ಣೆ ಸಾಕು. ಎಡಗೈಗೆ ಒಂದು, ಬಲಗೈಗೆ ಒಂದು, ಮಾರನೇ ದಿನ ಅದಲುಬದಲು ಮಾಡು. ಸ್ನಾನ ಮಾಡಿ ಮೈ ಚೆನ್ನಾಗಿ ಒರೆಸಿಕೊಂಡ ಮೇಲೆ ಹಚ್ಚು. ಅವತ್ತು ವಾಸನೆಯ ಸೋಪು, ತಲೆಗೆ ಕೊಬ್ಬರಿ ಎಣ್ಣೆ ಬೇಡ. ಮಣಿಕಟ್ಟು ಒಂದಕ್ಕೊಂದು ತಿಕ್ಕಬೇಡ. ಮೂಗು ಮಂಕಾದರೆ ನಿನ್ನದೇ ತೋಳಿನ ಒಳಭಾಗ ಒಂದು ಸಲ ಮೂಸಿ, ಹೊರಗೆ ಹೋಗಿ ಗಾಳಿ ತಗೋ. ನಾವು ಲ್ಯಾಬಿನಲ್ಲಿ ಅದನ್ನೇ ಮಾಡುತ್ತಿದ್ದೆವು. ಹೊಸ ಎಣ್ಣೆ ಅಂದರೆ ಮೊದಲು ಮೊಣಕೈ ಒಳಮಡಿಕೆಗೆ ಚುಕ್ಕೆ ಇಟ್ಟು ಒಂದು ದಿನ ನೋಡು. ಕೆಲವರಿಗೆ ತುರಿಕೆ ಬರುತ್ತದೆ.

ಇನ್ನು ಮೋಸದ ವಿಷಯ. ನನಗೇ ಆಗಿದೆ. ರಿಟೈರ್ ಆದ ವರ್ಷ, ಕೈಯಲ್ಲಿ ದುಡ್ಡಿತ್ತು. ಒಂದು ಅಂಗಡಿಯಲ್ಲಿ ಕಾಲು ತೊಲ ಅಪ್ಪಟ ಅಸ್ಸಾಂ ಎಣ್ಣೆ ಅಂತ ಕೊಟ್ಟರು. ಒಂದು ತೊಲ ಅಂದರೆ 11.66 ಗ್ರಾಂ. ಅಂಗಡಿಗಳಲ್ಲಿ 12 ಎಂಎಲ್ ಲೆಕ್ಕ, ಕಾಲು ತೊಲ 3 ಎಂಎಲ್. ನನ್ನ ತಮ್ಮನ ಅರವತ್ತನೇ ವರ್ಷಕ್ಕೆ ಉಡುಗೊರೆ ಕೊಡೋಣ ಅಂತ ತಂದಿದ್ದೆ. ಮನೆಗೆ ಬಂದು ಹಚ್ಚಿದೆ. ಬೆಳಗ್ಗೆ ಹೇಗಿತ್ತೋ ರಾತ್ರಿಯೂ ಹಾಗೇ. ಒಂದೇ ರಾಗ, ಏರಿಲ್ಲ, ಇಳಿವಿಲ್ಲ. ಕಾಗದಕ್ಕೆ ಹಾಕಿ ಮಾರನೇ ದಿನ ಮೂಸಿದರೆ ಒಂದು ಚೂಪಾದ ಒಣ ವಾಸನೆ ಮಾತ್ರ ಉಳಿದಿತ್ತು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ನಮ್ಮ ತುಂಗೆ ಗಡ್ಡೆಯ ಜಾತಿಗೆ ಸೇರಿದ ನಾಗರಮೋಥದ ಎಣ್ಣೆ, ಊದಿನ ಛಾಯೆ ಕೊಡಲು ನಾವೇ ಕಾಂಪೌಂಡಿಗೆ ಹಾಕುತ್ತಿದ್ದೆವು. ಅದನ್ನು ಊದಿನ ಛಾಯೆ ಅಂತ ಹೇಳಿ ಮಾರಿದ್ದರೆ ನನ್ನ ತಕರಾರಿಲ್ಲ, ನಾಗರಮೋಥ ಒಳ್ಳೆಯ ಎಣ್ಣೆಯೇ. ಅಪ್ಪಟ ಅಂದಿದ್ದಕ್ಕೆ ಹೊಟ್ಟೆ ಉರಿಯಿತು. ತಮ್ಮನಿಗೆ ಪಂಚೆ ಶಲ್ಯ ಕೊಟ್ಟೆ. ಆಗಿನಿಂದ ನಾನು ಒಂದು ಗೀರು ಕೈಗೆ ಹಚ್ಚಿಸಿಕೊಂಡು ಅಂಗಡಿಯಿಂದ ಹೊರಟುಬಿಡುತ್ತೇನೆ. ಅವತ್ತು ಕೊಳ್ಳುವುದಿಲ್ಲ. ಶಿವಾಜಿನಗರದಲ್ಲಿ ಅತ್ತರು ನೋಡಲು ಹೋದರೆ ನೀನೂ ಹಾಗೇ ಮಾಡು. ಬೇಸರವಿಲ್ಲದೆ "ನಾಳೆ ಬನ್ನಿ" ಅನ್ನುವ ಅಂಗಡಿಯವರೂ ಇದ್ದಾರೆ. ಅಂಥವರ ಹತ್ತಿರ ಕೊಂಡುಕೋ.

ದಿನಾ ಹಚ್ಚುವುದು ಹೇಗೆ ಅಂತ ನೀನು ಕೇಳಿದ್ದೆ. ಡಿಸೆಂಬರ್, ಜನವರಿಯ ಚಳಿಗೆ ಅಸ್ಸಾಮಿನ ಎಣ್ಣೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಅದನ್ನು ಹಚ್ಚಿದ ತಕ್ಷಣ ಮೆಟ್ರೋ ಹತ್ತಬೇಡ. ಬೆಳಗಿನ ಹೊತ್ತು ನಿಂತಲ್ಲಿಂದ ಅಲ್ಲಾಡಲು ಜಾಗವಿರುವುದಿಲ್ಲ, ಪಕ್ಕದವರು ನಿನ್ನ ಹಟ್ಟಿ ವಾಸನೆ ಯಾಕೆ ಸಹಿಸಬೇಕು? ಮನೆ ಬಿಡುವ ಒಂದು ಗಂಟೆ ಮೊದಲೇ ಹಚ್ಚು. ಆಫೀಸಿಗೆ ಕಾಂಬೋಡಿಯಾದ್ದು ಸರಿ. ಹಣ್ಣಿನ ಸಿಹಿ ಇರುವುದರಿಂದ ಯಾರಿಗೂ ಭಾರವಾಗದು. ಮಾರ್ಚ್, ಏಪ್ರಿಲ್ ಬಿಸಿಲಿಗೆ ಬೋರ್ನಿಯೋದ್ದು ಹಚ್ಚಿ ನೋಡು, ತಿಳಿಯಾಗಿ, ಮರ ಹೆರೆದ ಹಾಗೆ ಹಗುರವಾಗಿರುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಯಾವುದನ್ನೇ ಹಚ್ಚು, ಅರ್ಧದಷ್ಟು ಹಚ್ಚು. ತೇವದ ಗಾಳಿಯಲ್ಲಿ ವಾಸನೆ ಏಳುತ್ತದೆ. ಎಸಿ ರೂಮಿನಲ್ಲಿ ಕೂತವರಿಗೆ ತಲೆನೋವಿನ ಕಾಟ ಇದ್ದರೆ ಅವತ್ತು ಹಚ್ಚಲೇಬೇಡ. ಬಿಳಿ ಷರ್ಟಿನ ಮೇಲೆ ಬಿದ್ದರೆ ಕಂದು ಕಲೆ, ಏನು ಮಾಡಿದರೂ ಹೋಗುವುದಿಲ್ಲ.

ಸೀಸೆಗಳನ್ನು ಕಿಟಕಿಯ ಹತ್ತಿರ ಇಡಬೇಡ. ಬೀರುವಿನೊಳಗೆ, ಕತ್ತಲಲ್ಲಿ, ಮುಚ್ಚಳ ಬಿಗಿಯಾಗಿರಲಿ. ಒಂದೆರಡು ವರ್ಷ ಬಿಟ್ಟರೆ ಹೊಸ ಎಣ್ಣೆಯ ಹುಳಿ ತಗ್ಗಿ ದುಂಡಗಾಗುತ್ತದೆ. ನನ್ನ ಅಸ್ಸಾಂ ಎಣ್ಣೆ ತಂದಾಗ ಎಷ್ಟು ಒರಟಾಗಿತ್ತು ಅಂದರೆ ನಿನ್ನ ದೊಡ್ಡಪ್ಪ ಬೇರೆ ರೂಮಿಗೆ ಹೋಗುತ್ತಿದ್ದರು. ಈಗ ಅವರೇ ಕೇಳಿ ಹಚ್ಚಿಸಿಕೊಳ್ಳುತ್ತಾರೆ.

ದುಡ್ಡಿನ ಮಾತು ಆಡಲು ಮನಸ್ಸಿಲ್ಲ, ಆದರೂ ಆಡುತ್ತೇನೆ. ಹನ್ನೊಂದು ಸೀಸೆಗೆ ಸಂಬಳದ ಎಷ್ಟು ಪಾಲು ಹೋಯಿತು ಅಂತ ನಿನ್ನ ಅಮ್ಮ ಹೇಳಿದಳು. ಬೈಯಲು ಬರೆಯುತ್ತಿಲ್ಲ. ಮಣಗಟ್ಟಲೆ ಕಟ್ಟಿಗೆ ಬೇಯಿಸಿದರೆ ಕೆಲವೇ ತೊಲ ಎಣ್ಣೆ, ಹಾಗಾಗಿ ಬೆಲೆ ಇದ್ದೇ ಇರುತ್ತದೆ. ಆದರೆ ಈ ವರ್ಷ ಇನ್ನೊಂದು ಸೀಸೆಯೂ ಬೇಡ. ದಿನಕ್ಕೊಂದು ಗೀರು ಅಂದರೆ ಒಂದು 3 ಎಂಎಲ್ ಸೀಸೆಯೇ ತಿಂಗಳುಗಟ್ಟಲೆ ಬರುತ್ತದೆ. ಮುಂದೆ ಕೊಳ್ಳುವಾಗ ತೋಟದ ಮರದ್ದೇ ಕೇಳಿ ತಗೋ. ಕಾಡಿನ ಅಗರು ಕಡಿದು ಕಡಿದು ಮುಗಿಯುವ ಹಂತಕ್ಕೆ ಬಂದಿದೆ. 1995ರಲ್ಲೇ ನಮ್ಮ ಅಸ್ಸಾಮಿನ ಜಾತಿಯನ್ನು ಸೈಟ್ಸ್, ಅಂದರೆ ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಗೆ ಸೇರಿಸಿದ್ದಾರೆ, ಪರ್ಮಿಟ್ ಇಲ್ಲದೆ ದೇಶದ ಗಡಿ ದಾಟಿಸುವಂತಿಲ್ಲ. ಅಸ್ಸಾಮಿನಲ್ಲಿ ಜನ ಹಿತ್ತಲಲ್ಲೇ ಈ ಮರ ಬೆಳೆಸುತ್ತಾರೆ, ನಾವು ತೆಂಗು ಬೆಳೆಸಿದ ಹಾಗೆ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲೂ ಈಗ ನೆಡುತ್ತಿದ್ದಾರೆ. ಆ ಎಣ್ಣೆ ಮೂಸಿ ನೋಡಲು ನನಗೆ ತುಂಬಾ ಆಸೆ ಇದೆ. ನಮ್ಮ ಮಳೆ, ನಮ್ಮ ಮಣ್ಣಿನ ಅಗರು ಹೇಗಿರಬಹುದು ಅಂತ ರಾತ್ರಿ ಮಲಗಿದಾಗಲೂ ಯೋಚಿಸುತ್ತೇನೆ.

ಮುಂದಿನ ಭಾನುವಾರ ಬೆಳಗ್ಗೆ ಏಳಕ್ಕೆ ಬಾ. ಆ ಹಿಂದಿ ಸೀಸೆ ಒಂದನ್ನೇ ತಾ. ನಾನು ಅವತ್ತು ಹೂ ಮುಡಿಯುವುದಿಲ್ಲ, ಒಗ್ಗರಣೆಯೂ ಇಲ್ಲ, ಮೊಸರನ್ನ ಮಾಡಿರುತ್ತೇನೆ. ಇಬ್ಬರೂ ಒಂದೊಂದು ಗೀರು ಹಚ್ಚಿಕೊಂಡು ಲಾಲ್‌ಬಾಗಿಗೆ ಹೋಗೋಣ. ಸಂಜೆ ಐದರವರೆಗೂ ಇರಬೇಕು, ಮಧ್ಯದಲ್ಲಿ ಫೋನ್ ಬಂತು ಅಂತ ಎದ್ದು ಹೋಗಬಾರದು. ನಿನ್ನ ನೋಟ್‌ಬುಕ್ ಮರೆಯಬೇಡ.

ಇತಿ,
ನಿನ್ನ ದೊಡ್ಡಮ್ಮ